ಹದಿನಾಲ್ಕು ದಿನಗಳ ಕೋಣೆ

"ಸ್ಟಾಪ್! ಡೋಂಟ್ ಮೂವ್!"

ಬಾಗಿಲಲ್ಲಿ ಹೆಲ್ಮೆಟ್ ತೊಟ್ಟ ಅಪರಿಚಿತ! ಕುಣಿಯುತ್ತಿದ್ದ ತನಿಷಾ ಬೆಚ್ಚಿಬಿದ್ದಳು.

"ಅಯ್ಯೋ ಅಮ್ಮಾ..."

ಅವನ ಮುಖ ಬದಲಾಯಿತು. "ಕನ್ನಡದವರೇನ್ರಿ? ನಾನು ಸುಶಾಂತ. ಪಕ್ಕದ ಸೈಟ್‌ನ್ಯಾಗ ಎಂಜಿನಿಯರ್. ಪಾಯಾ ತೋಡಾಕತ್ತೀವಿ. ಸ್ವಲ್ಪ ಮ್ಯಾಲ ನೋಡ್ರಿ."

ಷಿಕಾಗೋದ ಆ ಹಳೆಯ ಕಟ್ಟಡದ ಛಾವಣಿಯಲ್ಲಿ ಉದ್ದನೆಯ ಬಿರುಕು.

"ಮಾಲೀಕರಿಗೆ ಬರದೀನಿ, ಉತ್ತರಾನ ಇಲ್ಲ. ನೀವು ಇಲ್ಲಿ ಇರಬ್ಯಾಡ್ರಿ."

"ಸಾರಿ, ಆಗಲ್ಲ. ನಂಗೆ ಇನ್ನೂ ಒಂಬತ್ತು ದಿನ ಇದೆ!"

ಅವನಿಗೇನು ಗೊತ್ತು? ತನ್ನೂರು ಸ್ಟರ್ಲಿಂಗ್ ಹೈಟ್ಸ್‌ನ ಮನೆಯ ಬೇಸ್‌ಮೆಂಟ್‌ನಲ್ಲಿ, ಆಫೀಸು ಮುಗಿದ ಮೇಲೆ ಸಿಕ್ಕ ಅರ್ಧ ಗಂಟೆಯೇ ಅವಳ ನೃತ್ಯದ ಪಾಲು. ಕೈ ಎತ್ತಿದರೆ ಛಾವಣಿಯ ಪೈಪು ತಾಗುತ್ತಿತ್ತು. ಈಗ ಮೊದಲ ಬಾರಿಗೆ ಒಂದು ಕಲಾಸಂಸ್ಥೆ ಹದಿನಾಲ್ಕು ದಿನ ಈ ಸ್ಟುಡಿಯೋವನ್ನು ಅವಳೊಬ್ಬಳಿಗೇ ಬಿಟ್ಟುಕೊಟ್ಟಿತ್ತು. ಬೆಳಿಗ್ಗೆ ಕಟ್ಟಿದ ಹೆಜ್ಜೆಗಳನ್ನು ಮಧ್ಯಾಹ್ನ ಕೆಡವಬಹುದು... ಸುಮ್ಮನೆ ನೆಲದ ಮೇಲೆ ಮಲಗಿ ಯೋಚಿಸಬಹುದು... ತೀರಿಹೋದ ಅಜ್ಜಿಗಾಗಿ ಶುರುಮಾಡಿ, ಎರಡು ವರ್ಷದಿಂದ ಹೆಜ್ಜೆ ಸಿಗದೆ ನಿಂತಿದ್ದ ನೃತ್ಯ ಇಲ್ಲಿ ಐದೇ ದಿನದಲ್ಲಿ ಉಸಿರಾಡತೊಡಗಿತ್ತು!

ಸುಶಾಂತ ದಿನಾ ಬಂದ. ಏಣಿ ಹತ್ತಿ ಬಿರುಕು ಅಳೆದ. "ನಿನ್ನೆಗಿಂತ ಅಗಲ ಆಗೇತ್ರಿ," ಎಂದ. ಆಮೇಲೆ ಬಾಗಿಲಲ್ಲೇ ನಿಂತು ಅವಳನ್ನು ನೋಡಿದ.

"ಒಂದು ಕೇಳ್ಲಿ? ನಿಮ್ಮ ಕೈ ಯಾಕ ಅರ್ಧಕ್ಕ ನಿಲ್ತೈತಿ?"

ತನಿಷಾ ದಂಗಾದಳು. ಪೈಪಿನ ಹೆದರಿಕೆ ಇನ್ನೂ ಮೈಯಲ್ಲೇ ಇತ್ತು! ಅಂದು ಅವಳ ಕೈ ಮೊದಲ ಸಲ ಪೂರ್ತಿ ಮೇಲೇರಿತು. ಮರುದಿನ ಅವನ ಹೆಜ್ಜೆಯ ಸದ್ದಿಗಾಗಿ ಕಿವಿ ಕಾದಿತ್ತು...

ಆದರೆ ಮೆಟ್ಟಿಲ ಬಳಿ ಅವನು ಫೋನಿನಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದ: "ಹೇಗಾದರೂ ಮಾಡಿ ಅವಳನ್ನು ಇಲ್ಲಿಂದ ಹೊರಗೆ ಹಾಕಿ. ನಾಳೆಯೇ!"

"ಓ... ನಿಮ್ಮ ಕಂಪನಿಗೆ ಈ ಜಾಗ ಬೇಕು, ಅಲ್ವಾ? ಅದಕ್ಕೇ ಹೆದರಿಸ್ತಿದೀರ!"

"ತನಿಷಾ, ಹಂಗಲ್ರಿ..."

ಅವಳು ಬಾಗಿಲು ಹಾಕಿ ಚಿಲಕ ಜಡಿದಳು.

ಮರುದಿನ ಮಧ್ಯಾಹ್ನ ಮೇಲಿನಿಂದ ಸುಣ್ಣದ ಪುಡಿ ಉದುರಿತು. ಎಲ್ಲೋ ತೊಲೆ ನರಳಿದಂತಾಯಿತು. 'ಇನ್ನೊಂದೇ ಒಂದು ಸಲ ಮಾಡ್ತೀನಿ...' ಎಂದುಕೊಂಡಳು.

ಯಾರೋ ಬಾಗಿಲನ್ನು ದಡದಡ ಬಡಿದರು.

"ತನಿಷಾ! ಬಾಗಲಾ ತಗೀರಿ! ನನ್ನ ನಂಬಬ್ಯಾಡ್ರಿ, ಆ ಸಪ್ಪಳಾ ನಂಬ್ರಿ!"

ಒಂದು ಕ್ಷಣ ಹಿಂಜರಿದಳು... ಚಿಲಕ ತೆಗೆದಳು. ಅವನು ಕೈ ಹಿಡಿದು ಎಳೆದ. ಬೆನ್ನ ಹಿಂದೆ, ಅವಳು ನಿಂತಿದ್ದ ಜಾಗಕ್ಕೇ ಛಾವಣಿ ಕುಸಿದುಬಿತ್ತು!

ಹೊರಗೆ ಇಬ್ಬರ ಮೈಮೇಲೂ ಬಿಳಿ ಧೂಳು. ಅವಳು ಬಿಕ್ಕಿದಳು. "ನನ್ನ ಡ್ಯಾನ್ಸ್... ಇನ್ನೂ ಐದು ದಿನ ಇತ್ತು..."

"ನಿನ್ನೆ ಫೋನ್ ಮಾಡಿದ್ದು ನಿಮ್ಮ ಸಂಸ್ಥೆಯವರಿಗೇ. ಬ್ಯಾರೆ ಸ್ಟುಡಿಯೋ ಕೊಡ್ರಿ ಅಂದೆ. ಈಗಷ್ಟೇ ಒಪ್ಪಿದ್ರು. ಮತ್ತ ಪೂರಾ ಹದಿನಾಲ್ಕು ದಿನ."

"ನಿನ್ನೆನೇ ಯಾಕೆ ಹೇಳ್ಲಿಲ್ಲ?"

"ಹೇಳಾಕ ಬಿಟ್ರೇನು ನೀವು?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಅವಳ ಬೆರಳು ಅವನ ಅಂಗೈಯಲ್ಲೇ ಉಳಿಯಿತು.

"ಪ್ರಾಕ್ಟೀಸ್ ಮಾಡುವಾಗ ಯಾರಾದ್ರೂ ಇದ್ರೆ ನಂಗೆ ಇಷ್ಟ ಆಗಲ್ಲ, ಸುಶಾಂತ್. ಆದ್ರೆ... ನೀವು ಬರ್ತೀರಾ?"

"ಅಲ್ಲಿ ನನಗೇನೂ ಕೆಲಸಾ ಇಲ್ಲಲ್ರಿ..."

"ಗೊತ್ತು. ಆದ್ರೂ ಬನ್ನಿ."