ಅಜ್ಜನ ಹೆಸರು ಯಾರೂ ಹೇಳಲೊಲ್ಲರು

ಬೆಟ್ಟಗಳು ಇನ್ನೂ ಎದ್ದು ನಡೆದಾಡುತ್ತಿದ್ದ ಕಾಲ. ಹೊನ್ನಬಿಲವೆಂಬ ರಾಜ್ಯದಲ್ಲಿ ಒಂದು ಕಡೆ ಕಾಲು ನಿಲ್ಲದ ಹುಡುಗನಿದ್ದ. ಊರಿಗೆಲ್ಲ ಅವನು ಗಾಳಿ. ತೊಟ್ಟಿಲಿಗೆ ಹಾಕಿದ ದಿನ ಸೋದರತ್ತೆ ಸಂಕವ್ವ ಕಿವಿಯಲ್ಲಿ ಉಸುರಿದ ಹೆಸರು ಅವನಿಗೇ ಗೊತ್ತಿರಲಿಲ್ಲ. ಅಪ್ಪ ಸತ್ತ ಮೇಲೆ ಅವ್ವನ ಜೊತೆ ಅವನನ್ನು ಸಾಕಿದವಳೂ ಅವಳೇ.

ಒಂದು ದಿನ ಮಾಯಾವಿ ಕರಿಮಂಡ ಬಂದವನೇ ಸಂಕವ್ವನನ್ನು ಗೊರವಂಕ ಮಾಡಿ ಪಂಜರಕ್ಕೆ ಹಾಕಿದ.

"ಮೊಮ್ಮಗನಿಗೆ ಅಜ್ಜನ ಹೆಸರು ಗೊತ್ತಿಲ್ಲದ ಮನೆಯವರೆಲ್ಲ ನನ್ನ ಹಕ್ಕಿಗಳು. ಅಮಾವಾಸ್ಯೆಯೊಳಗೆ ನೀನೇ ನನ್ನ ಬಾಗಿಲಿಗೆ ಬಂದು ಹೆಸರು ಹೇಳಿದರೆ ಬಿಡ್ತೀನಿ. ಇಲ್ಲಾಂದ್ರೆ ಸಾಯೋತನಕ ಹಕ್ಕಿಯೇ!"

ಇಷ್ಟೇನಾ ಅಂದುಕೊಂಡು ಗಾಳಿ ಅಜ್ಜಿಯ ಹತ್ತಿರ ಓಡಿದ.

"ಗಂಡನ ಹೆಸರು ಬಾಯಲ್ಲಿ ಹೇಳ್ತಾರೇನೋ, ಮುಟ್ಠಾಳ? ಅವರ ಆಯಸ್ಸು ಕಮ್ಮಿ ಆಗುತ್ತೆ!"

"ಅಜ್ಜ ಸತ್ತೇ ಹೋಗಿದ್ದಾನಲ್ಲಜ್ಜಿ!"

"ಆದ್ರೇನು? ನನ್ನ ಮಗಳಲ್ವೇನೋ ಅವಳು, ನಾನೂ ಹೇಳೋಕೆ ನೋಡಿದೆ. ನಾಲಿಗೆ ಏಳಲ್ಲ."

ಅವ್ವನನ್ನು ಕೇಳಿದ.

"ಮಾವನೋರ ಹೆಸರು ಸೊಸೆ ಹೇಳೋದಾ? ನಿನಗೂ ಅದನ್ನೇ ಇಟ್ಟಿದ್ದಕ್ಕೆ ತಾನೇ ನಾನು ಮಗಾ ಮಗಾ ಅಂತ ಒದ್ದಾಡ್ತಿರೋದು!"

"ಅಂದ್ರೆ ನನ್ನ ಹೆಸರನ್ನೂ ನನಗೆ ಹೇಳಲ್ವಾ?"

"ಇಲ್ಲ. ಮುದ್ದೆ ಆರುತ್ತೆ, ಉಣ್ಣು."

ತಲೆ ಚಚ್ಚಿಕೊಂಡು ಚಾವಡಿಗೆ ಹೋದರೆ ಮುದುಕರು ಬಿದ್ದು ಬಿದ್ದು ನಕ್ಕರು. "ಕಪ್ಪಜ್ಜನ ಮೊಮ್ಮಗನಲ್ವೇನೋ! ಕಪ್ಪೆ ಕಂಡ್ರೆ ಮರ ಹತ್ತೋನು. ತಾನೇ ತೋಡಿದ ಬಾವೀಲಿ ಕಪ್ಪೆ ಸೇರ್ಕೊಂಡ್ವು ಅಂತ ಅತ್ತ ತಲೆ ಹಾಕ್ಲಿಲ್ಲ. ನಿಮ್ಮಜ್ಜಿನೇ ಸೇದಿ ಕುಡಿಸೋಳು."

"ಹೆಸರು ಹೇಳ್ರಪ್ಪಾ!"

"ಅದೇ, ಕಪ್ಪಜ್ಜ! ನಾವೆಲ್ಲ ಕರೀತಿದ್ದದ್ದೇ ಹಂಗೆ, ನಿಜವಾದ ಹೆಸರು ಯಾರಿಗೆ ನೆನಪಿದೆ?"

ಅಮಾವಾಸ್ಯೆ ಬಂತು. ಗಾಳಿ ಬರಿಗೈಲಿ ಹೊರಟ. ಅಜ್ಜಿ ಗೊಣಗುತ್ತ ಹಿಂದೆ ಬಂದಳು. ಕರಿಮಂಡನ ಬಾಗಿಲಲ್ಲಿ ಏಳು ಕೊಂಬಿನ ಗೂಳಿ ಅಡ್ಡ ನಿಂತಿತ್ತು.

"ಹೆಸರು ಹೇಳು, ಒಳಗೆ ಬಾ," ಅಂದಿತು ಗೂಳಿ.

ಗಾಳಿ ಹಲ್ಲು ಕಚ್ಚಿ ಅಜ್ಜಿಯ ಕಡೆ ತಿರುಗಿದ. ನೋಡಿದರೆ ಅಜ್ಜಿ ಸೆರಗು ಸರಿಮಾಡಿಕೊಂಡು ಮದುವಣಗಿತ್ತಿಯಂತೆ ನಾಚುತ್ತಿದ್ದಾಳೆ! ಮದುವೆಯಾಗಿ ಬಂದ ದಿನ ನಾದಿನಿಯರೂ ಹೀಗೇ ಹೊಸ್ತಿಲಿಗೆ ಅಡ್ಡ ನಿಂತು ಕೇಳಿದ್ದರಂತೆ. ಗಂಡನ ಹೆಸರು ಬರಿದೇ ಹೇಳಬಾರದು. ಪದದೊಳಗೆ ಹುದುಗಿಸಿ, ಒಡಪು ಕಟ್ಟಿ ಹೇಳಬಹುದು. ಅಜ್ಜಿ ಒಡಪು ಹೇಳಿದಳು.

"ಸೇದಿದ ಕೊಡದಾಗೆ ಸಕ್ಕರೆ ನೀರು,
ಕೊಂಡಯ್ಯ ಹೋದ್ಮ್ಯಾಲೆ ಕುಡಿಯೋರು ಯಾರು?"

ಗೂಳಿ ಪಕ್ಕಕ್ಕೆ ಸರಿಯಿತು. ಇದನ್ನು ಮನೆಯಲ್ಲೇ ಹೇಳಬಹುದಿತ್ತಲ್ಲ ಎಂದು ಗಾಳಿಗೆ ಅಜ್ಜಿಯನ್ನು ಬೈಯಬೇಕೆನಿಸಿತು; ಆದರೆ ಅಜ್ಜಿಯ ಕಣ್ಣು ತುಂಬಿತ್ತು. ಕೊಡ ಹಿಡಿದು ಬಾವಿಯ ಹತ್ತಿರ ನಿಂತ ಅಜ್ಜಿ, ದೂರದಲ್ಲಿ ಹೆದರಿಕೊಂಡು ನಿಂತ ಕೊಂಡಯ್ಯ, ಇಬ್ಬರೂ ಅವನಿಗೆ ಮೊದಲ ಸಲ ಕಂಡರು.

ಕರಿಮಂಡ ಅಬ್ಬರಿಸುತ್ತ ಬಂದ. "ನೀನೇ ಹೇಳಬೇಕಿತ್ತು ಕಣೋ!"

ಗಾಳಿಯ ತಾಳ್ಮೆ ತೀರಿಹೋಗಿತ್ತು. "ನಮ್ಮಜ್ಜ ಕೊಂಡಯ್ಯ, ನಾನೂ ಕೊಂಡಯ್ಯ! ಎಲ್ಲಿ, ನಿನ್ನಜ್ಜನ ಹೆಸರು ಹೇಳು ನೋಡೋಣ?"

ಮಾಯಾವಿ ಬಾಯಿ ತೆರೆದ. ಹೆಸರು ಬರಲಿಲ್ಲ, ಕೊಕ್ಕು ಬಂತು. ಅವನದೇ ಮಾಟ ಅವನನ್ನೇ ಗೂಬೆ ಮಾಡಿ ಹಾರಿಸಿತು. ಪಂಜರಗಳೆಲ್ಲ ಒಡೆದು ಹಕ್ಕಿಗಳು ಮನುಷ್ಯರಾದವು.

ಸಂಕವ್ವ ರೆಕ್ಕೆ ಕೊಡವಿಕೊಂಡು ಬಂದವಳೇ ಅವನ ಕಿವಿ ಹಿಂಡಿದಳು. "ಇದೇ ಕಿವೀಲಿ ತಾನೇ ಹೇಳಿದ್ದು ನಾನು?"

ಆಮೇಲೆ ಎಲ್ಲರೂ ಉಂಡು, ನಕ್ಕು, ನೂರು ಕಾಲ ಸುಖವಾಗಿ ಬಾಳಿದರು. ಅವ್ವ ಮಾತ್ರ ಇವತ್ತಿಗೂ ಅವನನ್ನು ಮಗಾ ಅಂತಲೇ ಕರೆಯುತ್ತಾಳೆ. ಅಜ್ಜಿಯಂತೂ ಅವನು ಬಾಗಿಲಿಗೆ ಅಡ್ಡ ನಿಂತರೆ ಮಾತ್ರ ಹೆಸರು ಹೇಳುವುದು. ಎಲ್ಲೆಲ್ಲೋ ಅಲೆಯುವ ಗಾಳಿ ಅದಕ್ಕಾಗಿಯೇ ದಿನಾ ಮನೆಗೆ ಬರುತ್ತಾನೆ.