ಹೊರಗರ್ಭ

ಪಾರದರ್ಶಕ ಚೀಲದೊಳಗೆ, ಬೆಚ್ಚಗಿನ ಉಪ್ಪುನೀರಿನಲ್ಲಿ, ಹದಿನಾಲ್ಕು ವಾರದ ಭ್ರೂಣವೊಂದು ಬೆರಳು ಮಡಚಿತು. ಅದರ ಹೊಕ್ಕುಳಬಳ್ಳಿಗೆ ಜೋಡಿಸಿದ ಕೊಳವೆಯಲ್ಲಿ ರಕ್ತ ಹೊರಗೆ ಹರಿದು, ಆಮ್ಲಜನಕ ತುಂಬಿಕೊಂಡು ಮರಳುತ್ತಿತ್ತು. ಹುಬ್ಬಳ್ಳಿಯ ಪ್ರಯೋಗಾಲಯದಲ್ಲಿ ಡಾ. ನೀಲಾಂಬಿಕಾ ಹೊಸಮನಿ ಹನ್ನೊಂದು ವರ್ಷ ದುಡಿದು ಕಟ್ಟಿದ ಹೊರಗರ್ಭ ಇದು. ಬಸಿರು ನಿಲ್ಲದ ಹೆಂಗಸರಿಗಾಗಿ ಕಟ್ಟಿದ್ದಳು. ೨೦೬೩ರ ಹೊತ್ತಿಗೆ ಇನ್ನೂರು ಮಕ್ಕಳು ಅದರಿಂದ ಹೊರಬಂದಿದ್ದವು. ಮರುವರ್ಷ ಕಾನೂನು ಬಂತು: ಭ್ರೂಣವನ್ನು ಹೊರಗರ್ಭಕ್ಕೆ ಸಾಗಿಸಬಹುದಾದರೆ ಗರ್ಭಪಾತಕ್ಕೆ ಅನುಮತಿಯಿಲ್ಲ.

ಸಿಪ್ಪೋರಾ ನವಗಾಂವ್ಕರ್ ಅನುಮತಿ ಕೇಳಿದಾಗ ಅವಳಿಗೆ ಹನ್ನೊಂದು ವಾರದ ಬಸಿರು. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಹಿಂದೆಂದೋ ರೈಲ್ವೆ ಕೆಲಸಕ್ಕೆಂದು ಕೊಂಕಣದಿಂದ ಬಂದು ಹುಬ್ಬಳ್ಳಿಯಲ್ಲಿ ನಿಂತ ಯಹೂದಿ ಮನೆತನದವಳು. ಅವಳ ಹೃದಯ ಸೋತಿತ್ತು. ಬಸಿರು ಮುಂದುವರಿದರೆ ಬದುಕುವಂತಿರಲಿಲ್ಲ. ಗುಳಿಗೆ ಕೊಟ್ಟು ಗರ್ಭ ಇಳಿಸಿದರೆ ಅಪಾಯ ತೀರಾ ಕಡಿಮೆ. ಹೊರಗರ್ಭಕ್ಕೆ ಸಾಗಿಸಬೇಕಾದರೆ ಹೊಟ್ಟೆ ಕೊಯ್ಯಬೇಕು, ನಾಲ್ಕು ತಾಸು ಅರಿವಳಿಕೆ ಕೊಡಬೇಕು. ಅಂಥ ಹೃದಯವಿದ್ದ ಮೂವರಲ್ಲಿ ಒಬ್ಬಳು ಮತ್ತೆ ಏಳುವುದಿಲ್ಲ.

ಅನುಮತಿ ಕೊಡುವ ಸಮಿತಿಯ ಎದುರು ಅವಳ ಜೊತೆ ಸೋದರಮಾವ ಎಲಿಯಾಜರ್ ಬಂದಿದ್ದರು. ಊರಿನ ಆರು ಯಹೂದಿ ಕುಟುಂಬಗಳಿಗೆ ಪ್ರಾರ್ಥನೆ ನಡೆಸಿಕೊಡುವ ಹಿರಿಯರು. ನಿಮ್ಮ ಧರ್ಮ ಏನು ಹೇಳುತ್ತದೆಂದು ಅಧ್ಯಕ್ಷರು ಕೇಳಿದರು.

"ನಲವತ್ತು ದಿನದ ತನಕ ಅದು ಬರೇ ನೀರು ಅಂದಾರ ನಮ್ಮ ಹಿರಿಯರು. ಆಮೇಲೂ ಕೂಸಿನ ತಲಿ ಹೊರಗ ಬರೋತನಕ ತಾಯಿ ಜೀವಾನ ಮೊದಲ. ಆಕೀನ ಉಳಸೂದು ನಮಗ ಕರ್ತವ್ಯ ಐತ್ರಿ."

ಅದು ಯಂತ್ರವಿಲ್ಲದ ಕಾಲದ ಮಾತು, ಈಗ ಇಬ್ಬರಲ್ಲಿ ಒಬ್ಬರನ್ನು ಆರಿಸುವ ಪ್ರಮೇಯವೇ ಇಲ್ಲ ಎಂದರು ಅಧ್ಯಕ್ಷರು. ತಜ್ಞೆಯೆಂದು ಕರೆಸಿದ್ದ ನೀಲಾಂಬಿಕಾಳ ಕಡೆ ತಿರುಗಿ, ಈ ಭ್ರೂಣ ನಿಮ್ಮ ಯಂತ್ರದಲ್ಲಿ ಉಳಿಯುತ್ತದೆಯೇ ಎಂದು ಕೇಳಿದರು.

"ಹೌದ್ರಿ. ಆದ್ರ ತಾಯಿ..."

ಉತ್ತರ ದಾಖಲಾಗಿದೆ, ಸಾಕು ಎಂದರು ಅಧ್ಯಕ್ಷರು. ಅರ್ಜಿ ತಿರಸ್ಕಾರವಾಯಿತು, ನೀಲಾಂಬಿಕಾ ಮಾಡಬೇಕಾದ ಶಸ್ತ್ರಕ್ರಿಯೆಗೆ ಮಂಗಳವಾರದ ದಿನವನ್ನೂ ಅಲ್ಲೇ ಬರೆದುಕೊಟ್ಟರು. ಅವಳು ಒಲ್ಲೆ ಎನ್ನಬಹುದಿತ್ತು. ತಾನು ಒಲ್ಲೆನೆಂದರೆ ಕೈ ಪಳಗದ ಇನ್ನೊಬ್ಬರು ಮಾಡುತ್ತಾರೆಂದು ಒಪ್ಪಿಕೊಂಡಳು.

ಮಂಗಳವಾರ ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಿದ ಸಿಪ್ಪೋರಾ ಅತ್ತಿರಲಿಲ್ಲ. "ಅವತ್ತ ಹೌದು ಅಂತ ಯಾಕ ಅಂದ್ರಿ?" ಎಂದಳು.

"ಕೇಳಿದ್ದಕ್ಕ ಖರೇ ಹೇಳಿದೆ."

"ನಾನೂ ಅಲ್ಲೇ ಕುಂತಿದ್ನಲ್ರಿ."

ಮೂರನೆಯ ತಾಸಿಗೆ ಅವಳ ಹೃದಯ ನಿಂತಿತು. ಐವತ್ತು ನಿಮಿಷ ಹೆಣಗಿದರೂ ಮತ್ತೆ ಮಿಡಿಯಲಿಲ್ಲ. ಅಷ್ಟರಲ್ಲಿ ಭ್ರೂಣ ಚೀಲ ಸೇರಿತ್ತು, ಅದರ ನಾಡಿ ಚೆನ್ನಾಗಿತ್ತು. ಆರೋಗ್ಯ ಇಲಾಖೆಯ ನಮೂನೆಯಲ್ಲಿ ಫಲಿತಾಂಶಕ್ಕೆ ಇದ್ದದ್ದು ಒಂದೇ ಕಾಲಂ. ಅದರಲ್ಲಿ 'ಯಶಸ್ವಿ' ಎಂದು ನೀಲಾಂಬಿಕಾಳೇ ತುಂಬಬೇಕಾಯಿತು. ತಾಯಿಗೆ ಇನ್ನೊಂದು ಕಾಲಂ ಸೇರಿಸಿರೆಂದು ಅವಳು ಬರೆದ ಪತ್ರಕ್ಕೆ, ಅದರ ಅಗತ್ಯ ಕಂಡುಬಂದಿಲ್ಲವೆಂಬ ಉತ್ತರ ಎರಡೇ ದಿನದಲ್ಲಿ ಬಂತು.

ಯಹೂದಿಗಳಲ್ಲಿ ಮಣ್ಣು ಮಾಡಿದ ಮೇಲೆ ಏಳು ದಿನ ಮನೆಯವರು ನೆಲದ ಮೇಲೆ ಕೂರುತ್ತಾರೆ. ಬಂದವರು ತಾವಾಗಿ ಮಾತು ತೆಗೆಯುವಂತಿಲ್ಲ. ಮೂರನೆಯ ದಿನ ನೀಲಾಂಬಿಕಾ ಹೋಗಿ ಎಲಿಯಾಜರರ ಎದುರು ಕುಳಿತಳು. ಕೂಸು ಹೇಗಿದೆ ಎಂದು ಅವರೇ ಕೇಳಿದರು. ಬೆಳೆಯುತ್ತಿದೆ ಎಂದಳು. ಆ ಯಂತ್ರವನ್ನು ತಾನು ಕಟ್ಟಲೇಬಾರದಿತ್ತು ಎಂದಳು.

"ನಿಮ್ಮ ಯಂತ್ರದ್ದೇನು ತಪ್ಪಿಲ್ಲವ್ವಾ," ಎಂದರು ಮುದುಕ. "ಅದು ಬರೂಕಿಂತ ಮೊದಲೂ ಮಂದಿ ತಾಯಿನ್ನ ಬಿಟ್ಟು ಕೂಸು ಉಳೀತೇನಂತನ ಕೇಳತಿದ್ರು. ಆಗ ಹೌದು ಅನ್ನಾಕ ಯಾರೂ ಇರಲಿಲ್ಲ, ಅಷ್ಟ."