ಉಸಿರು ಕತ್ತರಿಸಿದವನು

ನನ್ನ ಹಾಡಿನಿಂದ ನನ್ನ ಉಸಿರನ್ನೇ ಎತ್ತಿ ಬಿಸಾಕಿದ್ದ ಆ ಪುಣ್ಯಾತ್ಮ!

ಹೆಡ್‌ಫೋನ್ ಹಾಕಿಕೊಂಡು ಮೊದಲ ಸಾಲು ಕೇಳುವಾಗಲೇ ಏನೋ ಇರುಸುಮುರುಸು. ದನಿ ನನ್ನದೇ. ಪಿಯಾನೋ ಸರಿಯಾಗಿದೆ. ಆದರೆ ಸಾಲು ಸಾಲಿನ ನಡುವೆ ನಾನು ಎಳೆದುಕೊಳ್ಳುವ ಉಸಿರು ಒಂದೂ ಇಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅಷ್ಟನ್ನೂ ತೆಗೆದುಬಿಟ್ಟಿದ್ದಾನೆ.

"ಯಾರು ಮಾಡಿದ್ದು ಇದು?" ಅಂದೆ.

ಎಡಿಟಿಂಗ್ ರೂಮಿನಲ್ಲಿ ಇದ್ದದ್ದೇ ನಾವಿಬ್ಬರು. ಆದರೂ ಅವನು ಒಮ್ಮೆ ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ಸಿಗಬಹುದೇನೋ ಅಂತ.

"ನಾನೇ ಮೇಡಂ."

"ನನ್ನ ಉಸಿರು ನಿಮಗೆ ಕಸವಾ?"

"ಹಾಗಲ್ಲ ಮೇಡಂ..."

"ಹೇಗಲ್ಲ? ಗುಡಿಸಿ ಆಚೆ ಹಾಕಿದ್ದೀರಲ್ಲ!"

ಇವನು ನಮ್ಮ ರೇಡಿಯೋ ಸ್ಟೇಷನ್ನಿನ ಸೌಂಡ್ ಇಂಜಿನಿಯರ್. ಎಲ್ಲರ ಬಾಯಲ್ಲೂ ಸೌಂಡಪ್ಪ. ತಾನು ಮಾತ್ರ ಸೌಂಡೇ ಮಾಡುವುದಿಲ್ಲ, ಅದಕ್ಕೇ ಆ ಹೆಸರು. ಮಧ್ಯಾಹ್ನದ ನನ್ನ ಜಾಝ್ ಕಾರ್ಯಕ್ರಮದಲ್ಲಿ ನಾನು ಮಾತಾಡಿ, ರೆಕಾರ್ಡ್ ಹಾಕಿ, ಕೊನೆಗೆ ಒಂದು ಹಾಡು ನಾನೇ ಹಾಡುತ್ತಿದ್ದೆ. ದಪ್ಪ ಗಾಜಿನ ಈಚೆ ನಾನು, ಆಚೆ ಅವನು. ಒಂದು ಬೆರಳು ಎತ್ತಿದರೆ ಶುರು ಮಾಡಿ ಅಂತ. ಬೆರಳು ಗಾಳಿಯಲ್ಲಿ ಸುತ್ತಿದರೆ ಸಾಕು ಮುಗಿಸಿ ಅಂತ. ಮುಗಿಸಿ ಅಂದಾಗಲೆಲ್ಲ ನಾನು ಬೇಕಂತಲೇ ಇನ್ನೊಂದು ಸಲ ಪಲ್ಲವಿ ಎಳೆಯುತ್ತಿದ್ದೆ. ಅವನು ತಲೆ ಮೇಲೆ ಕೈ ಹೊತ್ತು, ತುಟಿಯಂಚಿನಲ್ಲಿ ನಗುತ್ತಿದ್ದ. ಆ ನಗು ನೋಡುವುದಕ್ಕಾಗಿಯೇ ಎಳೆಯುತ್ತಿದ್ದೆ ಅಂತ ಈಗ ಹೇಳಿದರೆ ತಪ್ಪೇನಿಲ್ಲ.

ಆದರೆ ಗಾಜಿನ ಆಚೆ ಅಷ್ಟೆಲ್ಲ ಆಟ ಆಡುವವನು ಕಾರಿಡಾರಿನಲ್ಲಿ ಎದುರಾದರೆ ಮೂಗ! "ನಮಸ್ಕಾರ ಮೇಡಂ" ಅಂದು ಗೋಡೆ ಸವರಿಕೊಂಡು ಹೋಗುತ್ತಿದ್ದ. ಅದೂ ನನಗೆ ಸಿಟ್ಟೇ.

ಉಸಿರಿನ ಗಲಾಟೆ ಶುರುವಾದದ್ದು ನಾನು ಕಾಯಿಲೆ ಬಿದ್ದು ಎದ್ದಮೇಲೆ. ಶ್ವಾಸಕೋಶಕ್ಕೆ ಸೋಂಕು ತಗುಲಿತ್ತು. ವಾಸಿಯಾಯಿತು, ದನಿ ಹಿಂದಿನಂತೆಯೇ ಉಳಿಯಿತು, ಉಸಿರು ಮಾತ್ರ ಜೋರಾಯಿತು. ಹಾಡುವಾಗ ಬಾಗಿಲು ತೆರೆದ ಹಾಗೆ ಗಾಳಿ ಒಳಗೆ ನುಗ್ಗುವುದು ಕೇಳಿಸುತ್ತದೆ. ನಮ್ಮ ಡೈರೆಕ್ಟರ್ ಮಹಾಶಯರಿಗೆ ಅಷ್ಟೇ ಸಾಕಾಯಿತು. "ಕೇಳುಗರಿಗೆ ಏದುಸಿರು ಬೇಡ ಮೇಡಂ, ಫ್ರೆಶ್ ಆಗಿರೋ ದನಿ ಬೇಕು," ಅಂದರು. ಫ್ರೆಶ್ ಅಂತೆ! ನಾನೇನು ಸೊಪ್ಪಾ? ನನ್ನ ಒಂದು ಹಾಡನ್ನು ಹೆಡ್ ಆಫೀಸಿಗೆ ಕಳಿಸಬೇಕು, ಅಲ್ಲಿಯವರು ಕೇಳಿ, ನಾನು ಮೈಕಿನ ಮುಂದೆ ಇರಬೇಕೋ ಬೇಡವೋ ಹೇಳುತ್ತಾರೆ ಅಂತ ತೀರ್ಮಾನವಾಯಿತು. ಈ ಸೌಂಡಪ್ಪ ಉಸಿರು ಕತ್ತರಿಸಿದ್ದು ಅದೇ ಹಾಡಿನಲ್ಲಿ.

ಮನೆಗೆ ಬಂದವಳೇ ಬ್ಯಾಗ್ ಸೋಫಾ ಮೇಲೆ ಎಸೆದೆ. ಅಕ್ಕ ಬಟ್ಟೆ ಮಡಚುತ್ತಿದ್ದಳು. ಎಲ್ಲವನ್ನೂ ಉಪ್ಪು ಖಾರ ಹಚ್ಚಿ ಹೇಳಿದೆ.

"ಅವನಿಗೆ ನೀನಂದ್ರೆ ಪ್ರಾಣ ಕಣೇ. ನಿನ್ನ ಕೆಲಸ ಉಳಿಸೋಕೆ ಮಾಡಿದ್ದಾನೆ," ಅಂದಳು ಅಕ್ಕ.

"ಪ್ರಾಣ ಅನ್ನೋನು ಉಸಿರು ತೆಗೀತಾನಾ?"

"ಬಾಯಿ ಜೋರು ಕಡಿಮೆ ಮಾಡು. ಅಷ್ಟು ಸಣ್ಣ ಸಣ್ಣ ಉಸಿರನ್ನ ಒಂದೊಂದಾಗಿ ಹುಡುಕಿ ತೆಗೀಬೇಕಾದ್ರೆ ಎಷ್ಟು ಹೊತ್ತು ನಿನ್ನ ದನಿ ಕೇಳ್ತಾ ಕೂತಿರ್ಬೇಕು ಹೇಳು?"

ಆ ಮಾತಿಗೆ ನನ್ನ ಕಿವಿ ಬಿಸಿಯಾಯಿತು. ಅಕ್ಕ ಅದನ್ನು ನೋಡಿ, ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ನಕ್ಕಳು.

ಹತ್ತೊಂಬತ್ತರ ವಯಸ್ಸಿನಲ್ಲಿ ನಾನು ಕ್ಲಬ್ಬಿನಲ್ಲಿ ಹಾಡಲು ಶುರು ಮಾಡಿದಾಗ ಅಪ್ಪ ನನ್ನ ಜತೆ ಮಾತು ಬಿಟ್ಟಿದ್ದರು. "ಇಂಥ ಹಾಡು ಹಾಡೋಳನ್ನ ಯಾರು ಕಟ್ಕೋತಾರೆ?" ಅಂದ ಚಿಕ್ಕಪ್ಪನಿಗೆ ಅಕ್ಕನೇ ಬಾಯಿ ಮುಚ್ಚಿಸಿದ್ದು. ಹೊಗೆ, ಗ್ಲಾಸುಗಳ ಸದ್ದು, ಹಾಡು ಕೇಳದೆ ಹರಟುವ ಜನ, ಇವೆಲ್ಲದರ ನಡುವೆ ಹಾಡಿ ಹಾಡಿ ನಾನು ಈ ಸ್ಟೇಷನ್ನಿಗೆ ಬಂದವಳು. ಯಾರದೋ ದಯೆಯಿಂದ ಬಂದವಳಲ್ಲ. ಹೋಗುವುದಾದರೂ ನನ್ನ ದನಿಯಲ್ಲೇ ಹೋಗುತ್ತೇನೆ ಅಂದುಕೊಂಡು ಮಾರನೇ ದಿನ ನೆಟ್ಟಗೆ ಎಡಿಟಿಂಗ್ ರೂಮಿಗೆ ನುಗ್ಗಿದೆ.

"ಕತ್ತರಿಸದೇ ಇರೋದನ್ನ ಕಳಿಸಿ."

"ಕಳಿಸಿದ್ರೆ ನಿಮ್ಮನ್ನ ಮೈಕಿನ ಮುಂದಿಂದ ಎಬ್ಬಿಸ್ತಾರೆ ಮೇಡಂ."

"ಎಬ್ಬಿಸ್ಲಿ."

"ನನಗೆ ಆಗಲ್ಲ."

"ಯಾಕೆ? ನಿಮ್ಮ ಗಂಟೇನು ಹೋಗುತ್ತೆ?"

ಅವನು ಕನ್ನಡಕ ತೆಗೆದ. ಸ್ವೆಟರಿನ ತುದಿಯಿಂದ ಒರೆಸಿದ. ಮತ್ತೆ ಹಾಕಿಕೊಂಡ. ಮತ್ತೆ ತೆಗೆದ. ಕಣ್ಣಿನ ಕೆಳಗೆ ಕಪ್ಪಗಾಗಿತ್ತು.

"ನೀವು ಹೋದ್ರೆ ನಾನು ಗಾಜಿನ ಆಚೆ ಯಾರನ್ನ ನೋಡ್ಲಿ?" ಅಂದ, ಮೇಜಿಗೆ ಹೇಳುವವನ ಹಾಗೆ.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕರಗುತ್ತಿದ್ದರು. ನನ್ನ ಎದೆಯೂ ಧಸಕ್ಕೆಂದಿತು, ಸುಳ್ಳು ಯಾಕೆ ಹೇಳಲಿ? ಆದರೆ ಸಿಟ್ಟು ಇನ್ನಷ್ಟು ಏರಿತು.

"ಇಷ್ಟು ವರ್ಷ ಬಿಟ್ಟು ಇವತ್ತು ಹೇಳ್ತಿದ್ದೀರಾ? ಅದೂ ಈ ಕಳ್ಳ ಕೆಲಸ ಮಾಡಿ?" ನಾನು ಸ್ಪೀಕರಿನತ್ತ ಬೆರಳು ತೋರಿಸಿದೆ. "ಈ ಹಾಡಿನಲ್ಲಿ ಇರೋಳು ಯಾರು ಹೇಳಿ. ಉಸಿರಾಡದೆ ಹಾಡೋ ಹೆಂಗಸು. ಉಸಿರಾಡದೇ ಇರೋದಕ್ಕೆ ಏನಂತಾರೆ ಗೊತ್ತಲ್ಲ? ನಿಮಗೆ ಅವಳು ಬೇಕಾ, ನಾನು ಬೇಕಾ?"

ಅವನ ಮುಖ ಬಿಳಿಚಿಕೊಂಡಿತು. ಉತ್ತರಕ್ಕೆ ನಾನು ಕಾಯಲಿಲ್ಲ, ಬಾಗಿಲು ಧಡಾರನೆ ಹಾಕಿಕೊಂಡು ಬಂದೆ.

ಕೊನೆಗೆ ಅವನು ಮೂಲ ಹಾಡನ್ನೇ ಕಳಿಸಿದ. ಕಳಿಸಿದ್ದು ಮಾತ್ರವಲ್ಲ, ಡೈರೆಕ್ಟರ್ ರೂಮಿಗೆ ಹೋಗಿ, "ಇದು ಚೆನ್ನಾಗಿಲ್ಲ ಅನ್ನೋರ ಕಿವಿ ಚೆನ್ನಾಗಿಲ್ಲ ಸರ್" ಅಂದನಂತೆ. ಸೌಂಡಪ್ಪ ಸೌಂಡ್ ಮಾಡಿದ ಅಂತ ಇಡೀ ಸ್ಟೇಷನ್ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು.

ಅದರಿಂದ ಹೆಡ್ ಆಫೀಸಿನ ಕಿವಿಯೇನೂ ನೆಟ್ಟಗಾಗಲಿಲ್ಲ. ನನ್ನ ಕಾರ್ಯಕ್ರಮ ಇನ್ನೊಬ್ಬರಿಗೆ, ನನಗೆ ಲೈಬ್ರರಿಯಲ್ಲಿ ಹಳೇ ರೆಕಾರ್ಡ್ ಜೋಡಿಸುವ ಕೆಲಸ. "ಧೂಳಿಗೆ ನನ್ನ ಉಸಿರು ಅಡ್ಡಿಯಾಗಲ್ವಾ ಸರ್?" ಅಂತ ಡೈರೆಕ್ಟರನ್ನು ಕೇಳಿ, ಆ ಕೆಲಸ ಅವರಿಗೇ ಇರಲಿ ಅಂತ ರಾಜೀನಾಮೆ ಕೊಟ್ಟು ಬಂದೆ.

ನನ್ನ ಕಾರ್ಯಕ್ರಮದ ಕೊನೆಯ ದಿನ ಹಾಡುವ ಮುಂಚೆ ಅವನು ಸ್ಟುಡಿಯೋ ಒಳಗೆ ಬಂದ. ನನಗೆ ಕಾಯಿಲೆಯಾದಾಗಿನಿಂದ ಅವನು ಮೈಕನ್ನು ಕೊಂಚ ದೂರವೇ ಇಡುತ್ತಿದ್ದನಂತೆ, ಉಸಿರು ಸಿಗದಿರಲಿ ಅಂತ. ಅವನೇ ಹೇಳಿದ. ಹೇಳುತ್ತಲೇ ಸ್ಟ್ಯಾಂಡ್ ಎಳೆದು ನನ್ನ ತುಟಿಯ ಹತ್ತಿರಕ್ಕೆ ತಂದ.

"ಇಷ್ಟು ಹತ್ತಿರ ಇಟ್ರೆ ಎಲ್ಲಾ ಕೇಳಿಸುತ್ತೆ," ಅಂದೆ.

"ಕೇಳಿಸ್ಲಿ. ನನಗೆ ನೀವು ಬೇಕು. ಅವಳಲ್ಲ."

ಅವತ್ತಿನ ಪ್ರಶ್ನೆಗೆ ಈಗ ಉತ್ತರ! ಅದೂ ಲೈವ್ ಹೋಗಲು ಒಂದು ನಿಮಿಷ ಇರುವಾಗ! ಅವನನ್ನು ದುರುಗುಟ್ಟಿ ನೋಡಿದೆ. ಅವನು ಓಡಿಹೋಗಿ ತನ್ನ ಜಾಗದಲ್ಲಿ ಕೂತು ಬೆರಳು ಎತ್ತಿದ.

ಹಾಡಿದೆ. ಉಸಿರನ್ನು ಅಡಗಿಸಲಿಲ್ಲ, ಎದೆ ತುಂಬ ಎಳೆದುಕೊಂಡೆ. ಕೇಳುವವರು ಕೇಳಲಿ, ಹೆಡ್ ಆಫೀಸೂ ಕೇಳಲಿ. ಪಲ್ಲವಿಯನ್ನು ಎಳೆದೆ, ಇನ್ನೊಂದು ಸಲ ಎಳೆದೆ. ಅವನು ಬೆರಳು ಸುತ್ತಲೇ ಇಲ್ಲ. ಅವನ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

ಮುಗಿಸಿ ಆಚೆ ಬಂದಾಗ ಕಾರಿಡಾರಿನಲ್ಲಿ ನಿಂತಿದ್ದ. ಗೋಡೆ ಸವರಲಿಲ್ಲ, ನಡುವೆಯೇ ನಿಂತಿದ್ದ.

"ಸಂಜೆ ನನ್ನ ಹಳೇ ಕ್ಲಬ್ಬಿನಲ್ಲಿ ಹಾಡೋಕಿದೆ ನನಗೆ. ಅಲ್ಲಿನ ಮೈಕ್ ದರಿದ್ರ. ಬಂದು ಸರಿ ಮಾಡ್ತೀರಾ?" ಅಂದೆ.

"ಬರ್ತೀನಿ ಮೇಡಂ."

"ಇನ್ನೊಂದು ಸಲ ಮೇಡಂ ಅಂದ್ರೆ ನೋಡಿ! ಮದುವೆ ಆಗೋಳನ್ನ ಯಾರಾದ್ರೂ ಹಾಗೆ ಕರೀತಾರಾ?"

ಅವನು ತಬ್ಬಿಬ್ಬಾದ. "ಮದುವೆನಾ? ಯಾವಾಗ ತೀರ್ಮಾನ ಆಯ್ತು?"

"ಈಗ. ನಿಮ್ಮನ್ನ ಕಾಯ್ತಾ ಕೂತ್ರೆ ನನ್ನ ಉಸಿರು ನಿಜವಾಗ್ಲೂ ನಿಂತುಹೋಗುತ್ತೆ."

ಸೌಂಡಪ್ಪ ನಕ್ಕ. ಇಡೀ ಕಾರಿಡಾರಿಗೆ ಕೇಳುವ ಹಾಗೆ, ಗಂಟಲು ಬಿಚ್ಚಿ ನಕ್ಕ. ಡೈರೆಕ್ಟರ್ ಬಾಗಿಲು ತೆಗೆದು ಇಣುಕಿದರು. ನಾನು ಅವರನ್ನು ನೋಡುತ್ತಲೇ ಅವನ ಕೈ ಹಿಡಿದುಕೊಂಡು ಮೆಟ್ಟಿಲು ಇಳಿದೆ.